ಅಕ್ಕೂರಿನ ಆಂಟೆನಾ ಮುನಿಯಪ್ಪ

ಅಕ್ಕೂರಿನಲ್ಲಿ ಮುನಿಯಪ್ಪ ಅನ್ನುವ ಹೆಸರಿನವರು ನಾಲ್ಕು ಜನ ಇದ್ದಾರೆ. ಬರೀ ಮುನಿಯಪ್ಪ ಅಂದರೆ ಯಾವ ಮುನಿಯಪ್ಪ ಅಂತ ತಿರುಗಿ ಕೇಳುತ್ತಾರೆ. ಆಂಟೆನಾ ಮುನಿಯಪ್ಪ ಅಂದರೆ ಮಾತ್ರ ಏನೂ ಕೇಳುವುದಿಲ್ಲ, ಹಾಲಿನ ಡೈರಿ ದಾಟಿ ಎಡಕ್ಕೆ ಹೋಗಿ ಅಂತ ಕೈ ತೋರಿಸುತ್ತಾರೆ. ಊರಿನ ಯಾವ ಮನೆಯ ಮೇಲೂ ಈಗ ಹಳೇ ಕಾಲದ ಆಂಟೆನಾ ಇಲ್ಲ. ಹೆಸರು ಮಾತ್ರ ನಿಂತುಬಿಟ್ಟಿದೆ.

ಊರಿಗೆ ಟಿವಿ ಹೊಸದಾಗಿ ಬಂದಾಗ ಚಿತ್ರ ಹಿಡಿಯುವುದು ಸುಲಭದ ಕೆಲಸವಾಗಿರಲಿಲ್ಲ. ಮೂರಾಳು ಎತ್ತರದ ಬಿದಿರಿನ ತುದಿಗೆ ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ ಕಟ್ಟಿ, ಅದರ ಮುಖವನ್ನು ಬೆಂಗಳೂರಿನ ಕಡೆಗೆ ತಿರುಗಿಸಿ ನಿಲ್ಲಿಸಬೇಕಿತ್ತು. ಒಂದು ಅಂಗುಲ ಹೆಚ್ಚುಕಮ್ಮಿಯಾದರೆ ಪರದೆಯ ಮೇಲೆ ಬರೀ ಸುಣ್ಣ ಎರಚಿದ ಹಾಗೆ ಕಾಣುತ್ತಿತ್ತು. ಮುನಿಯಪ್ಪನವರ ಕೈಗೆ ಮಾತ್ರ ಅದು ಬಗ್ಗುತ್ತಿತ್ತು. ರೇಷ್ಮೆ ಹುಳ ಮೇಯಿಸಿಕೊಂಡು, ರಾಗಿ ಬೆಳೆದುಕೊಂಡು ಇದ್ದ ಮನುಷ್ಯ ಅದನ್ನು ಯಾರ ಹತ್ತಿರವೂ ಕಲಿತದ್ದಲ್ಲ. ಗಾಳಿ ಬೀಸಿ ಆಂಟೆನಾ ತಿರುಗಿದ ಮಾರನೇ ದಿನ ನಾಲ್ಕು ಮನೆಯಿಂದ ಕರೆ ಬರುತ್ತಿತ್ತು. ಹೋಗಿ, ಸರಿ ಮಾಡಿ, ಕಾಫಿ ಕುಡಿದು ಬರುತ್ತಿದ್ದರು.

ಆ ಕೆಲಸಕ್ಕೆ ಇಬ್ಬರು ಬೇಕು. ಮೇಲೆ ತಿರುಗಿಸುವವನೊಬ್ಬ, ಕೆಳಗೆ ಕಿಟಕಿಯ ಹತ್ತಿರ ನಿಂತು ಟಿವಿ ನೋಡಿ ಕೂಗುವವರೊಬ್ಬರು. ಮುನಿಯಪ್ಪನವರ ಹೆಂಡತಿ ಕೆಂಚಮ್ಮ ಆಗ ಮದುವೆಯಾಗಿ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಮಾವನ ಎದುರಿಗೆ ಸೊಸೆ ದನಿ ಎತ್ತುವ ಕಾಲ ಅದಲ್ಲ. ಗಂಡನ ಹೆಸರು ಹಿಡಿದು ಕರೆಯುವುದಂತೂ ಇಲ್ಲವೇ ಇಲ್ಲ. ತಮ್ಮ ಮನೆಗೇ ಆಂಟೆನಾ ಕಟ್ಟಿದ ದಿನ ಕೆಳಗೆ ನಿಲ್ಲಲು ಬೇರೆ ಯಾರೂ ಇರಲಿಲ್ಲ. ಮಾವ ಜಗಲಿಯ ಮೇಲೆ ಕೂತಿದ್ದರು. ಮೇಲಿನಿಂದ ಗಂಡ "ಬಂತಾ?" ಅಂತ ಕೇಳುತ್ತಲೇ ಇದ್ದ. ಇವಳು ಮೆಲ್ಲಗೆ ಹೇಳಿದರೆ ಮೇಲಕ್ಕೆ ಕೇಳದು. ಕೊನೆಗೆ ಕಣ್ಣು ಮುಚ್ಚಿ ಗಂಟಲು ಕಿತ್ತುಹೋಗುವ ಹಾಗೆ "ಬಂತು ಕಣಿ" ಅಂದುಬಿಟ್ಟಳು. ಜಗಲಿಯ ಮೇಲಿದ್ದ ಮಾವ, "ಪರವಾಗಿಲ್ವೆ, ನಮ್ಮ ಸೊಸೆಗೆ ದನಿ ಐತೆ" ಅಂದರಂತೆ. ಅಲ್ಲಿಂದ ಮುಂದೆ ಮುನಿಯಪ್ಪ ಯಾವ ಮನೆಗೆ ಆಂಟೆನಾ ಕಟ್ಟಲು ಹೋದರೂ ಕಿಟಕಿಯ ಹತ್ತಿರ ನಿಲ್ಲುವವಳು ಕೆಂಚಮ್ಮನೇ.

ಇದೆಲ್ಲ ಆಗಿ ನಲವತ್ತು ವರ್ಷ. ಈಗಿನ ಮಾತು ಬೇರೆ. ಎರಡು ವರ್ಷದಿಂದ ಮುನಿಯಪ್ಪನವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಕೆಂಚಮ್ಮನೂ ಕೇಳಿರಲಿಲ್ಲ. ಆದರೆ ಮಾತಾಡುವವರ ತುಟಿಯನ್ನೇ ಅವರು ನೋಡುವುದು, ಗೊತ್ತಾಗದಿದ್ದರೆ "ಆಗ್ಲಿ ಬುಡು" ಅಂತ ನಕ್ಕು ಮುಗಿಸುವುದು, ಇದೆಲ್ಲ ಅವಳ ಕಣ್ಣಿಗೆ ಬಿದ್ದಿತ್ತು. ಜಗಲಿಯ ಮೇಲೆ ಅವಳು ಅವರ ಎಡಕ್ಕೇ ಕೂರುತ್ತಿದ್ದಳು, ಆ ಕಿವಿ ಒಸಿ ವಾಸಿ ಅಂತ. ಯಾರಾದರೂ ಬಂದು ಏನಾದರೂ ಕೇಳಿದರೆ, ಅದನ್ನೇ ತಾನು ಇನ್ನೊಂದು ಸಲ ಅವರ ಕಡೆ ತಿರುಗಿ ಕೇಳುತ್ತಿದ್ದಳು. "ನೋಡಿ, ಹಿಪ್ನೇರ್ಳೆ ಕಡ್ಡಿ ಕೊಯ್ಯಾಕೆ ನಾಳೆ ಆಳು ಬೇಕಾ ಅಂತಾವ್ರೆ." ಆಗ ಅವರು ಉತ್ತರ ಹೇಳುತ್ತಿದ್ದರು. ಮಗ ಅಶ್ವಥ್, "ಅಪ್ಪನ ಹತ್ರ ಮಾತಾಡ್ಬೇಕಾದ್ರೆ ಅವ್ವನ ಪರ್ಮಿಷನ್ ಬೇಕು" ಅಂತ ತಮಾಷೆ ಮಾಡುತ್ತಿದ್ದ. ಅವನಿಗೆ ಅಷ್ಟೇ ಗೊತ್ತಿದ್ದದ್ದು.

ಮಾರ್ಗಶಿರ ಕಳೆದು ಅವರೆಕಾಯಿ ಸೊಗಡು ಬಿಡುವ ದಿನಗಳಲ್ಲಿ ಮನೆಯ ಟಿವಿ ನಿಂತುಹೋಯಿತು. ತಿಂಗಳು ತಿಂಗಳು ರೀಚಾರ್ಜ್ ಮಾಡಿಸುತ್ತಿದ್ದ ಡಿಶ್ಶಿನ ಬಾಕ್ಸು ಸುಟ್ಟಿತ್ತು. ಅಶ್ವಥ್‌ಗೆ ಎಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಸೊಸೆ ರಮ್ಯಾ, "ಫ್ರೀ ಡಿಶ್ ಅಂತ ಬತ್ತದಂತೆ ಅತ್ತೆ, ಒಂದ್ಸಲ ಹಾಕಿಸ್ಬುಟ್ರೆ ರೀಚಾರ್ಜ್ ತಂಟೇನೇ ಇಲ್ಲ" ಅಂದಳು.

ಮುನಿಯಪ್ಪ ಅಟ್ಟ ಹತ್ತಿ, ಹುಳ ಗೂಡು ಕಟ್ಟುವ ಚಂದ್ರಿಕೆಗಳ ಹಿಂದೆ ಒರಗಿಸಿದ್ದ ಹಳೇ ಅಲ್ಯುಮಿನಿಯಂ ಆಂಟೆನಾ ಇಳಿಸಿದರು. ಟವಲಿನಲ್ಲಿ ಒರೆಸಿ ಅಂಗಳದಲ್ಲಿ ನಿಲ್ಲಿಸಿದರು.

"ಅದ್ರಲ್ಲಿ ಬರಾದು ನಿಂತು ಎಷ್ಟೋ ವರ್ಷ ಆಯ್ತು ಅಪ್ಪ" ಅಂದ ಅಶ್ವಥ್. "ಈಗೆಲ್ಲ ಮ್ಯಾಲಿಂದ ಬರಾದು, ಸ್ಯಾಟಲೈಟು. ಚನ್ನಪಟ್ಣದಿಂದ ಹುಡುಗ್ರು ಬತ್ತಾರೆ, ಫೋನ್‌ನಾಗೆ ದಿಕ್ಕು ನೋಡಿ ಅರ್ಧ ಗಂಟೇಲಿ ಹಾಕ್ಬುಟ್ಟು ಹೋಯ್ತಾರೆ. ನೀನು ಮ್ಯಾಲೆ ಹತ್ತಾದು ಬ್ಯಾಡ."

ಕೊನೆಯ ಮಾತು ಮಾತ್ರ ಮುನಿಯಪ್ಪನವರಿಗೆ ತಲುಪಿತು. ಅದು ತುಟಿ ನೋಡಿದರೇ ಗೊತ್ತಾಗುವ ಮಾತು.

"ಅಕ್ಕೂರ್ನಾಗೆ ಮನೆಮನೆಗೂ ಆಂಟೆನಾ ಕಟ್ದೋನು ನಾನು. ನನ್ ಮನೆಗೆ ಯಾವನೋ ಬಂದು ಕಟ್ಟಾನಾ?"

ಅಶ್ವಥ್ ಇನ್ನೇನೋ ಹೇಳುವವನಿದ್ದ. ಅಪ್ಪನ ಮುಖ ನೋಡಿ ಮಾತು ಬದಲಿಸಿದ. "ಆಯ್ತಪ್ಪ. ಒಂದ್ಸಲ ನೋಡು. ಬರ್ನಿಲ್ಲ ಅಂದ್ರೆ ಅವ್ರನ್ನ ಕರೀತೀನಿ. ಆಮ್ಯಾಕೆ ನೀನು ಮ್ಯಾಲುಕ್ಕೆ ಹೋಗಾದು ಇರಾಕಿಲ್ಲ" ಅಂದ.

ಕೆಂಚಮ್ಮನ ಚಿಂತೆ ಬೇರೆ. ಚಿತ್ರ ಬರದಿದ್ದರೆ ಬರದಿದ್ದರಾಯಿತು, ಆದರೆ ಕೆಳಗಿನಿಂದ ಕೂಗಿದ್ದು ಮೇಲಕ್ಕೆ ಕೇಳುವುದಿಲ್ಲ. ಮಗನಿಗೆ ಗೊತ್ತಾಗುತ್ತದೆ, ಬೀದಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಇವರನ್ನು ಯಾರೂ ಯಾವ ಕೆಲಸಕ್ಕೂ ಕರೆಯುವುದಿಲ್ಲ. ಪಾಪ, ವಯಸ್ಸಾಯ್ತು ಅಂತ ಜಗಲಿಯ ಮೇಲೆ ಕೂರಿಸಿಬಿಡುತ್ತಾರೆ. ಆ ಮನುಷ್ಯ ಕೂತರೆ ಉಳಿಯುವವರಲ್ಲ ಅಂತ ಅವಳಿಗೆ ಗೊತ್ತಿತ್ತು.

ಹಳೇದರಲ್ಲಿ ಬರುವುದಿಲ್ಲ, ಡಿಶ್ಶೇ ಬೇಕಂತೆ ಅಂತ ಅವಳು ಗಂಡನ ಎದುರಿಗೆ ನಿಂತು ಹೇಳಿದ ಮೇಲೆ ಇಬ್ಬರೂ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೋದರು. ಟಿವಿ ಸಾಮಾನು ಮಾರುವ ಸುಹೇಲನ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರವೇ. ಅವನ ಅಪ್ಪನ ಕಾಲದಲ್ಲಿ ಮುನಿಯಪ್ಪ ಅಲ್ಲಿಂದಲೇ ವೈರು, ಬೂಸ್ಟರ್ ತರುತ್ತಿದ್ದದ್ದು.

"ಬನ್ನಿ ಯಜಮಾನ್ರೆ, ಬಾಳಾ ದಿನ ಆಯ್ತು" ಅಂತ ಸ್ಟೂಲು ಎಳೆದ ಸುಹೇಲ್. ಮೊದಲು ಕಿಟಕಿಗೆ ಅಂಟಿಸುವ ಚಪ್ಪಟೆ ಆಂಟೆನಾ ತೋರಿಸಿದ. ಅದು ಬೆಂಗಳೂರಿನ ಟವರ್ ಹತ್ತಿರ ಇರುವವರಿಗೆ ಸರಿ, ಅಕ್ಕೂರಿಗೆ ನಾನು ಗ್ಯಾರಂಟಿ ಕೊಡಲ್ಲ ಅಂತ ತಾನೇ ಒಳಗಿಟ್ಟ. ಆಮೇಲೆ ಎರಡು ತರಹದ ಬಾಕ್ಸು ತೆಗೆದ. ಒಂದು ಸಾದಾ, ಇನ್ನೊಂದರಲ್ಲಿ ನಾಲ್ಕು ಚಾನಲ್ ಹೆಚ್ಚು. ಚಂದನ ಎರಡರಲ್ಲೂ ಬರುತ್ತದೆ ಅಂದ. ಕೆಂಚಮ್ಮ ಸಾದಾದ್ದೇ ಸಾಕು ಅಂದಳು.

ಡಿಶ್ಶಿನ ತಟ್ಟೆಗಳು ಗೋಡೆಗೆ ಸಾಲಾಗಿ ಒರಗಿದ್ದವು. ಮುನಿಯಪ್ಪ ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಲ್ಲಿ ಬಡಿದು ನೋಡಿದರು, ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ. ಆದರೆ ಕಿವಿಯನ್ನು ಹತ್ತಿರ ತರಲಿಲ್ಲ. ಇನ್ನೊಂದು ಅಂಗೈಯನ್ನು ತಟ್ಟೆಯ ಬೆನ್ನಿಗೆ ಒತ್ತಿ ಹಿಡಿದಿದ್ದರು. ತಗಡು ತೆಳ್ಳಗಿದ್ದರೆ ನಡುಕ ಕೈಗೆ ಬರುತ್ತದೆ. ಮೂರನೆಯದಕ್ಕೆ ತಲೆಯಾಡಿಸಿ, "ಇದು ಗಾಳಿಗೆ ನಿಲ್ತದೆ" ಅಂದರು. ಸುಹೇಲ್, "ಕೈ ಇಟ್ರೆ ಸಾಕು ನಿಮ್ಗೆ ಗೊತ್ತಾಗ್ಬುಡ್ತದೆ" ಅಂತ ಹೊಗಳಿದ. ಕೆಂಚಮ್ಮ ಅಂಗೈಯನ್ನೇ ನೋಡುತ್ತಿದ್ದಳು.

ಕಟ್ಟಿಕೊಡುವಾಗ ಸುಹೇಲ್ ಎಲ್ಲವನ್ನೂ ಬಿಡಿಸಿ ಹೇಳಿದ. "ದಿಕ್ಕು ಮರೀಬೇಡಿ ಯಜಮಾನ್ರೆ. ಹಳೇ ಆಂಟೆನಾ ತರ ಬೆಂಗ್ಳೂರ್ ಕಡೆ ಅಲ್ಲ. ಈ ಚಳಿಗಾಲದಾಗೆ ಬೆಳಿಗ್ಗೆ ಹತ್ತು ಗಂಟೆ ಬಿಸ್ಲು ಎಲ್ಲಿಂದ ಬೀಳ್ತದೋ ಆ ಕಡೆ. ಟಿವೀಲಿ ಎರಡು ಗೆರೆ ಬತ್ತವೆ. ಮೇಲಿನ್ ಗೆರೆ ನಂಬ್ಬೇಡಿ, ಅದು ಸುಮ್ನೆ ನಿಂತಿರ್ತದೆ. ಕೆಳಗಿನ್ ಗೆರೆ ಹಸ್ರಾಗ್ಬೇಕು." ಆಮೇಲೆ ವೈರಿಗೆ ಮೂತಿ ಹಾಕುವುದು ಹೇಗೆ, ನೀರು ಇಳಿಯದ ಹಾಗೆ ಟೇಪು ಸುತ್ತುವುದು ಹೇಗೆ, ಎಲ್ಲ ಹೇಳಿದ. ಹೇಳುವಾಗ ತಲೆ ಬಗ್ಗಿಸಿ ಗಂಟು ಹಾಕುತ್ತಿದ್ದದ್ದರಿಂದ ಅವನ ತುಟಿ ಕಾಣುತ್ತಿರಲಿಲ್ಲ. ಮುನಿಯಪ್ಪ ಎಲ್ಲದಕ್ಕೂ ತಲೆಯಾಡಿಸಿ, "ಆಗ್ಲಿ ಬುಡು" ಅಂದರು.

ಕೆಂಚಮ್ಮ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಬರೆದುಕೊಳ್ಳುವ ಅಭ್ಯಾಸವಿಲ್ಲದ್ದಕ್ಕೆ ಕೇಳಿದ್ದು ಉಳಿಯುತ್ತಿತ್ತು. ಬಸ್ಸಿನಲ್ಲಿ ಅದನ್ನೆಲ್ಲ ಗಂಡನಿಗೆ ಹೇಳಬೇಕು ಅಂದುಕೊಂಡಳು. ಬಸ್ಸು ತುಂಬಾ ಜನ. ಕೂಗಿ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ಮನೆಗೆ ಬಂದ ಮೇಲೂ ಹೇಳಲಿಲ್ಲ. ಅಂಗಡಿಯಲ್ಲಿ ಅವನು ಹಿಂಗಂದ ಅಂತ ತೆಗೆದರೆ, ನಿಮಗೆ ಕೇಳಿಸಲಿಲ್ಲವಲ್ಲ ಅಂತ ಅವರ ಮುಖಕ್ಕೇ ಹೇಳಿದ ಹಾಗಾಗುತ್ತದೆ.

ತಾರಸಿಯ ಮೋಲ್ಡಿಗೆ ತೂತು ಹೊಡೆದರೆ ಮಳೆಗಾಲಕ್ಕೆ ಸೋರುತ್ತದೆ ಅನ್ನುವುದು ಮುನಿಯಪ್ಪನವರ ಖಡಾಖಂಡಿತ ಮಾತು. ಹಳೇ ಎಣ್ಣೆ ಡಬ್ಬದಲ್ಲಿ ಜಲ್ಲಿ, ಸಿಮೆಂಟು ತುಂಬಿ ನಡುವೆ ಕಬ್ಬಿಣದ ಪೈಪು ನಿಲ್ಲಿಸಿ ಎರಡು ದಿನ ಒಣಗಲು ಬಿಟ್ಟರು. ಮೂರನೇ ದಿನ ಬೆಳಿಗ್ಗೆ ತಟ್ಟೆಯನ್ನು ಪೈಪಿಗೆ ಕೂರಿಸುವುದು ಅಂತಾಯಿತು.

ಆ ಬೆಳಿಗ್ಗೆ ಕೆಂಚಮ್ಮ ಹುಳದ ಮನೆಗೆ ಹೋದಾಗ ರಮ್ಯಾ ಸುಣ್ಣದ ಪುಡಿ ಉದುರಿಸುತ್ತಿದ್ದಳು. ಹುಳುಗಳು ಮೇಯುವುದು ಬಿಟ್ಟು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಇದು ನಾಲ್ಕನೇದು, ಕಡೇದು. ಆ ಒಂದು ದಿನ ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟಿ ಅಲುಗಿಸುವ ಹಾಗಿಲ್ಲ. ಕೆಂಚಮ್ಮ ಬಾಗಿಲಲ್ಲೇ ಸುಮಾರು ಹೊತ್ತು ನಿಂತಳು.

ಅಂಗಳಕ್ಕೆ ಬಂದವಳು, ಬಟ್ಟೆ ಒಣಹಾಕುವ ನೈಲಾನ್ ದಾರ ಬಿಚ್ಚಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇವತ್ತು ಯಾರೂ ಕೂಗಾಡಂಗಿಲ್ಲ ಕಣ್ರಪ್ಪ. ಹುಳ ನಾಕನೇ ಜ್ವರಕ್ಕೆ ಕೂತವೆ. ಸದ್ದು ಮಾಡುದ್ರೆ ಬೆದುರ್ತವೆ."

"ಹುಳುಕ್ಕೆ ಕಿವಿ ಎಲ್ಲೈತವ್ವ?" ಅಂದ ಅಶ್ವಥ್.

"ಕಿವಿ ಇಲ್ದಿದ್ರೆ ಗ್ಯಾನ ಇರಾಕಿಲ್ವಾ?"

ರಮ್ಯಾ ಹುಳದ ಮನೆಯ ಬಾಗಿಲಿಗೆ ಬಂದಳು. "ಸೊಪ್ಪು ಹಾಕ್ಬಾರ್ದು ಅಂತ ಗೊತ್ತಿತ್ತು ಅತ್ತೆ. ಕೂಗ್ಬಾರ್ದು ಅಂತ ಯಾವಾಗಿಂದ..." ಅಂತ ಶುರು ಮಾಡಿದವಳು ಅತ್ತೆಯ ಮುಖ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತು, ಇಷ್ಟೆಲ್ಲ ಮಾತು ನಡೆದರೂ ತಿರುಗದೆ ಬೋಲ್ಟು ಎಣಿಸುತ್ತಿದ್ದ ಮಾವನನ್ನು ನೋಡಿದಳು. "ಹೂಂ ಕಣ್ರೀ, ಚಾಕಿ ಮರಿಹುಳ ತಂದ ಕಡೆ ನನ್ಗೂ ಹೇಳಿದ್ರು. ನಾನೇ ಮರ್ತಿದ್ದೆ" ಅಂತ ಗಂಡನಿಗೆ ಹೇಳಿದಳು.

"ಕೂಗ್ದೆ ಹೆಂಗೆ ತಿರುಗಿಸಾದು?" ಅಂದ ಅಶ್ವಥ್.

"ದಾರ ಐತಲ್ಲ" ಅಂದಳು ಕೆಂಚಮ್ಮ. ಗಂಡನ ಎದುರಿಗೆ ಹೋಗಿ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ವಿವರಿಸಿದಳು. ಹುಳ ಜ್ವರಕ್ಕೆ ಕೂತವೆ, ಕೂಗಬಾರದು. ದಾರದ ಒಂದು ತುದಿ ನಿಮ್ಮ ಎಡಗೈಗೆ, ಇನ್ನೊಂದು ತುದಿ ಕಿಟಕಿ ಹತ್ತಿರ ನನ್ನ ಕೈಲಿ. ಒಂದು ಸಲ ಎಳೆದರೆ ಬಲಕ್ಕೆ ತಿರುಗಿಸಿ. ಎರಡು ಸಲ ಎಳೆದರೆ ಎಡಕ್ಕೆ. ಎಳೆದು ಬಿಗಿ ಹಿಡಿದರೆ ಅಲ್ಲೇ ನಿಲ್ಲಿ.

ಮುನಿಯಪ್ಪ ಹುಳದ ಮನೆಯ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು. ಎಡಗೈ ಮುಂದೆ ಚಾಚಿದರು. ಅವಳು ಮಣಿಕಟ್ಟಿಗೆ ದಾರ ಸುತ್ತಿ, ಬಿಗಿಯಾಗದ ಹಾಗೆ ಗಂಟು ಹಾಕಿದಳು.

ಮೇಲೆ ಹೋದ ಮುನಿಯಪ್ಪ ನೆಟ್ಟಗೆ ಬೆಂಗಳೂರಿನ ಕಡೆಗೇ ತಟ್ಟೆ ತಿರುಗಿಸಿ ಕೂರಿಸಿದರು. ಅವರ ಕೈಗೆ ಗೊತ್ತಿದ್ದದ್ದು ಆ ಒಂದೇ ದಿಕ್ಕು. ಒಳಗೆ ರಿಮೋಟ್ ಹಿಡಿದಿದ್ದ ಅಶ್ವಥ್, "ಗೆರೆ ಬಂತು ಕಣವ್ವ, ಎಪ್ಪತ್ತು ಐತೆ" ಅಂದ.

"ಯಾವ ಗೆರೆ?"

"ಮೇಲಿಂದು."

"ಅದು ಸುಮ್ನೆ ನಿಂತಿರ್ತದೆ. ಕೆಳಗಿಂದು ನೋಡು."

ಕೆಳಗಿನ ಗೆರೆ ಸೊನ್ನೆಯಲ್ಲಿತ್ತು. ಕೆಂಚಮ್ಮ ಒಂದು ಸಲ ಎಳೆದಳು. ಮುನಿಯಪ್ಪ ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದರು. ಇನ್ನೊಂದು ಸಲ ಎಳೆದಳು. ಮತ್ತೆ ಕೂದಲೆಳೆಯಷ್ಟು. ಹಳೇ ಆಂಟೆನಾಕ್ಕೆ ಅಷ್ಟೇ ಸಾಕಾಗುತ್ತಿತ್ತು.

ಪಕ್ಕದ ಮನೆಯ ಕಾವೇರಮ್ಮ ತನ್ನ ತಾರಸಿಯ ಮೇಲೆ ಹುಣಸೆಹಣ್ಣು ಒಣಹಾಕುತ್ತಿದ್ದಳು. "ಮುನಿಯಪ್ಪಣ್ಣ, ಇದೇನು, ಕೆಂಚಕ್ಕ ನಿಮ್ಮನ್ನ ಕಟ್ಟಾಕ್ಬುಟ್ಟವ್ಳೆ?" ಅಂತ ಕೂಗಿದಳು. ಅವರು ತಿರುಗಲಿಲ್ಲ. "ಮುನಿಯಪ್ಪಣ್ಣ" ಅಂತ ಇನ್ನೂ ಜೋರಾಗಿ ಕರೆದಳು. ಕೆಂಚಮ್ಮ ಸರಕ್ಕನೆ ದಾರ ಜಗ್ಗಿದಳು. ಮುನಿಯಪ್ಪ ಏನಾಯಿತು ಅಂತ ತಲೆ ಎತ್ತಿದಾಗ ಕಾವೇರಮ್ಮ ಕಣ್ಣಿಗೆ ಬಿದ್ದಳು. ಅಷ್ಟರಲ್ಲಿ ರಮ್ಯಾ ಅಂಗಳಕ್ಕೆ ಓಡಿಬಂದು ತುಟಿಯ ಮೇಲೆ ಬೆರಳಿಟ್ಟು, "ಹುಳ ಜ್ವರಕ್ಕೆ ಕೂತವೆ ಕಾವೇರಕ್ಕ, ಕೂಗ್ಬ್ಯಾಡಿ" ಅಂದಳು. ಕಾವೇರಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ಮುನಿಯಪ್ಪ ದಾರ ಕಟ್ಟಿದ ಕೈ ಎತ್ತಿ ಅವಳಿಗೆ ತೋರಿಸಿ ನಕ್ಕರು.

ಕೆಂಚಮ್ಮ ಮತ್ತೆ ಎಳೆದಳು. ಒಂದು. ಮತ್ತೆ ಒಂದು. ಮತ್ತೆ ಒಂದು. ಮುನಿಯಪ್ಪ ಕೊನೆಗೆ ಪ್ಯಾರಾಪೆಟ್ಟಿನ ಹತ್ತಿರ ಬಂದು ಬಗ್ಗಿ, ಪಿಸುಗುಟ್ಟುವ ಹಾಗೆ ಕೇಳಿದರು. ಕಿವಿ ಕೇಳದವರ ಪಿಸುಮಾತು, ಮೂರು ಮನೆಗೆ ಕೇಳಿಸಿತು.

"ಎಲ್ಲಿಗಂಟ ತಿರುಗಿಸ್ಲಮ್ಮಿ? ಕನಕಪುರಕ್ಕಾ? ಕನಕಪುರದಾಗೆ ಯಾವಾಗ ಟಿವಿ ಟವರ್ ಆಯ್ತು?"

ಬಿಸಿಲು ಆಗ ಕನಕಪುರದ ಕಡೆಯಿಂದಲೇ ಬೀಳುತ್ತಿತ್ತು. ಹತ್ತು ಗಂಟೆಯ ಬಿಸಿಲು. ಕೆಂಚಮ್ಮ ಅವರ ಮುಖ ನೋಡುತ್ತಾ ಇನ್ನೊಂದು ಸಲ ಎಳೆದಳು.

ಮುನಿಯಪ್ಪ ನೆಟ್ಟಗಾದರು. ಆಂಟೆನಾಗಳನ್ನೆಲ್ಲ ತಾವು ಮುಖ ಮಾಡಿ ನಿಲ್ಲಿಸುತ್ತಿದ್ದ ದಿಕ್ಕನ್ನು ಒಂದು ಸಲ ನೋಡಿದರು. ಕೈಯಲ್ಲಿದ್ದ ದಾರ ನೋಡಿದರು. ಆಮೇಲೆ ಪೈಪಿನ ಬೋಲ್ಟು ಪೂರ್ತಿ ಸಡಿಲ ಮಾಡಿ, ದಾರ ಎಳೆಯುತ್ತಿದ್ದ ಹಾಗೆಲ್ಲ ತಟ್ಟೆಯನ್ನು ತಿರುಗಿಸುತ್ತಾ ಹೋದರು. ಬೆಂಗಳೂರು ಎಡಕ್ಕೆ ಉಳಿಯಿತು. ಯಾಕೆ ಅಂತ ಅವರು ಇನ್ನೊಂದು ಸಲ ಕೇಳಲಿಲ್ಲ.

ಬಿಸಿಲಿಗೆ ಎದುರಾದ ಹಾಗೆ ಕೆಳಗಿನ ಗೆರೆ ಅಲುಗಿತು. ಕೆಂಪಗೆ ಒಂದು ಚೂರು ಕಾಣಿಸಿ ಹೋಯಿತು. ಕೆಂಚಮ್ಮ ಎರಡು ಸಲ ಎಳೆದಳು. ಅವರು ಹಿಂದಕ್ಕೆ ಬಂದರು. ಮತ್ತೆ ಕೆಂಪು, ಆಮೇಲೆ ಹಳದಿ. ಈಗ ಕೂದಲೆಳೆಯ ಲೆಕ್ಕ ಬಂದಿತ್ತು, ಅದು ಅವರ ಕೈಗೆ ಚೆನ್ನಾಗಿ ಗೊತ್ತಿದ್ದ ಲೆಕ್ಕ. ಒಂದು ಎಳೆತ, ಒಂದು ಚೂರು. ಗೆರೆ ಉದ್ದವಾಗುತ್ತಾ ಬಂದು ಹಸಿರಾಯಿತು. ಕೆಂಚಮ್ಮ ದಾರವನ್ನು ಬಿಗಿಯಾಗಿ ಎಳೆದು ಹಿಡಿದಳು. ಮೇಲೆ ಅವರು ತಟ್ಟೆಯನ್ನು ಬಿಗಿಯಾಗಿ ಹಿಡಿದು ಬೋಲ್ಟು ತಿರುಗಿಸಿದರು.

ಒಳಗೆ ಅಶ್ವಥ್ ಬಟನ್ ಒತ್ತಿದ. ಚಂದನದಲ್ಲಿ ಯಾರೋ ಟೊಮೇಟೊ ಸಸಿಗೆ ಗೊಬ್ಬರ ಹಾಕುವುದನ್ನು ಹೇಳುತ್ತಿದ್ದರು. ಮುಖದ ಮೇಲಿನ ಬೆವರು ಕೂಡ ಕಾಣುವಷ್ಟು ಚಿತ್ರ ನಿಚ್ಚಳವಾಗಿತ್ತು.

"ಅಪ್ಪ ಬುಡಲ್ಲ ನೋಡು" ಅಂತ ಅಶ್ವಥ್ ತನ್ನಷ್ಟಕ್ಕೇ ಅಂದ. ಅವನ ದನಿಯಲ್ಲಿ ಸೋತ ಬೇಜಾರು ಇರಲಿಲ್ಲ.

ಸಾಯಂಕಾಲ ಜಗಲಿಯ ಮೇಲೆ ಕೆಂಚಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಮುನಿಯಪ್ಪ ಬಂದು ಕೂತರು. ತಾವಾಗಿಯೇ ಎಡಕಿವಿ ಅವಳ ಕಡೆ ಬರುವ ಹಾಗೆ ಕೂತರು.

"ಐವತ್ತು ವರ್ಷದಿಂದ ಹುಳ ಮೇಯಿಸ್ತಾ ಇವ್ನಿ. ಜ್ವರಕ್ಕೆ ಕೂತಾಗ ಕೂಗ್ಬಾರ್ದು ಅಂತ ಒಬ್ರೂ ಹೇಳಿರ್ನಿಲ್ಲ."

"ಈಗ ನಾನು ಹೇಳುದ್ನಲ್ಲ."

ಅವರು ಒಂದು ಕಾಯಿ ತಗೊಂಡು ಸುಲಿದು ಕಾಳನ್ನು ಅವಳ ಮೊರಕ್ಕೆ ಹಾಕಿದರು. "ಯಾವಾಗಿಂದ ಗೊತ್ತು ನಿಂಗೆ?"

"ನಿಮ್ಗೆ ಗೊತ್ತಾಗಾಕೂ ಮುಂಚೆಯಿಂದ."

ಮುನಿಯಪ್ಪ ಇನ್ನೊಂದು ಕಾಯಿ ತಗೊಂಡರು. "ಸುಹೇಲ ದಿಕ್ಕು ಹೇಳಿದ್ನಾ?"

"ಹೇಳ್ದ."

"ನಂಗ್ಯಾಕೆ ನೀನು ಹೇಳ್ನಿಲ್ಲ?"

ಕೆಂಚಮ್ಮ ಸುಲಿದ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. "ಇನ್ಮ್ಯಾಕೆ ಹೇಳ್ತೀನಿ" ಅಂದಳು. ಅಷ್ಟಕ್ಕೇ ಇಬ್ಬರೂ ಆ ಮಾತು ಬಿಟ್ಟರು.

ಹದಿನೈದು ದಿನ ಕಳೆಯಿತು. ಹುಳ ಹಣ್ಣಾಗಿ ಚಂದ್ರಿಕೆ ಹತ್ತಿ ಗೂಡು ಕಟ್ಟಿದವು. ಒಂದು ಬೆಳಿಗ್ಗೆ ಕಾವೇರಮ್ಮ ಬಂದಳು. ಅಶ್ವಥ್ ಗೂಡು ಬಿಡಿಸಿ ಚೀಲಕ್ಕೆ ತುಂಬುತ್ತಿದ್ದ. ರಮ್ಯಾ ಪಕ್ಕದಲ್ಲಿದ್ದಳು.

"ಅಣ್ಣ, ನಾವೂ ಅಂಥದ್ದೇ ಡಿಶ್ ತಂದಿವಿ. ನಿಮ್ ಕೈಲೇ ಹಾಕಿಸ್ಬೇಕು ಅಂತ" ಅಂದಳು ಕಾವೇರಮ್ಮ.

ಕೆಂಚಮ್ಮ ಎಂದಿನಂತೆ ಅದನ್ನೇ ಗಂಡನ ಕಡೆ ತಿರುಗಿ ಹೇಳಲು ಬಾಯಿ ತೆರೆದಳು. ಮುನಿಯಪ್ಪ ಕೈ ಎತ್ತಿ ತಡೆದರು. ಕಾವೇರಮ್ಮನ ತುಟಿ ನೋಡಿದ್ದರು.

"ಬತ್ತೀನಿ. ಇವ್ಳೂ ಬತ್ತಾಳೆ, ದಾರ ತಗೊಂಡು."

"ನಮ್ಮನೇಲಿ ಹುಳ ಇಲ್ವಲ್ಲಣ್ಣ. ಬರೀ ಹಸ ಅವೆ. ಎಷ್ಟು ಬೇಕಾದ್ರೂ ಕೂಗ್ಬೋದು."

ಕೆಂಚಮ್ಮ ನೆಲ ನೋಡಿದಳು. ರಮ್ಯಾಳ ಕೈ ಗೂಡಿನ ಮೇಲೇ ನಿಂತಿತು.

"ಕೂಗುದ್ರೆ ನಂಗೆ ಕೇಳಾಕಿಲ್ಲ ಕಣವ್ವ" ಅಂದರು ಮುನಿಯಪ್ಪ. ಹವಾ ಹೇಗಿದೆ ಅಂತ ಹೇಳುವ ಹಾಗೆ ಹೇಳಿದರು. "ಕಿವಿ ಮಂದ ಆಗೈತೆ. ಎರಡು ವರ್ಷ ಆಯ್ತು. ದಾರ ಎಳುದ್ರೆ ಗೊತ್ತಾಯ್ತದೆ."

ಅಶ್ವಥ್ ಚೀಲ ಕೆಳಗಿಟ್ಟು ಅಪ್ಪನನ್ನು ನೋಡಿದ. ಅವ್ವನನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವಳು ಗೂಡಿನ ಎಳೆ ಕೀಳುವುದರಲ್ಲಿ ಬಹಳ ಮಗ್ನಳಾಗಿದ್ದಳು.

ಕಾವೇರಮ್ಮ, "ಅದುಕ್ಕೇನು ಬುಡಿ ಅಣ್ಣ" ಅಂದಳು. "ನಮ್ಮನೆಯವ್ರಿಗೆ ಕಿವಿ ಎರಡೂ ಚೆನ್ನಾಗವೆ, ಹತ್ತು ಸಲ ಕರುದ್ರೂ ಎದ್ದು ಬರಾಕಿಲ್ಲ. ಆ ದಾರ ಒಸಿ ನಂಗೂ ಕೊಡಿ."

ಮುನಿಯಪ್ಪನವರಿಗೆ ಆ ಮಾತು ಪೂರ್ತಿ ಕೇಳಿಸಲಿಲ್ಲ. ರಮ್ಯಾ ನಕ್ಕಿದ್ದು, ಕೆಂಚಮ್ಮ ಸೆರಗು ಬಾಯಿಗೆ ಇಟ್ಟುಕೊಂಡದ್ದು ಕಂಡಿತು. ಏನಂದಳು ಅಂತ ಹೆಂಡತಿಯನ್ನು ಎಲ್ಲರೆದುರಿಗೇ ಕೇಳಿದರು. ಅವಳು ಎದುರಿಗೆ ಬಂದು ಹೇಳಿದಳು. ಆಮೇಲೆ ಅವರೂ ನಕ್ಕರು.

"ಮ್ಯಾಲುಕ್ಕೆ ತಟ್ಟೆ ನಾನು ಹೊತ್ಕೊಡ್ತೀನಿ" ಅಂತ ಅಶ್ವಥ್ ಅಪ್ಪನ ಎದುರಿಗೆ ಬಂದು ನಿಂತು ಹೇಳಿದ. ಅಪ್ಪನಿಗೆ ಕಾಣಲಿ ಅಂತ ತುಟಿಯನ್ನು ಒಸಿ ಜಾಸ್ತಿಯೇ ಅಗಲ ಮಾಡಿದ್ದ.

"ಹೊತ್ಕೊಡು. ತಿರುಗಿಸಾಕೆ ಮಾತ್ರ ಬರ್ಬ್ಯಾಡ" ಅಂದು ಮುನಿಯಪ್ಪ ಸ್ಪಾನರು ಹುಡುಕಲು ಒಳಗೆ ಹೋದರು. ಕೆಂಚಮ್ಮ ಅಂಗಳದ ದಾರದ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಸೊಸೆಯ ತೋಳಿನ ಮೇಲೆ ಹಾಕತೊಡಗಿದಳು.